ಉದ್ದದ ಕಮಾಂಡು

ದೊಡ್ಡಬಳ್ಳಾಪುರ
೧೮-೮-೧೯೯೯, ಬುಧವಾರ

ಮುದ್ದಿನ ಮಗಳು ಸ್ನೇಹಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದ.

ಸೂಲಿಬೆಲೆಯಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಿಮ್ಮ ಅತ್ತೆಯವರ ಮಂಡಿನೋವು ಹೇಗಿದೆ? ನಿನ್ನ ಕೈಯ ಗಾಯ ಒಣಗಿತೇ? ಒಣಗುವವರೆಗೆ ಸೋಪಿನ ನೀರು ಮುಟ್ಟಬೇಡ. ಅಳಿಯಂದಿರೇ ಕೈ ಹಿಡಿದು ಒಲೆಗೆ ಒತ್ತಿದರೆಂದು ಬರೆದಿದ್ದೀಯ. ನಿನ್ನಮ್ಮ ಅದನ್ನು ಓದಿಸಿಕೊಂಡು, "ಒಂದ್ಸಲ ಕರ್ಸ್ಕೊಳ್ಳಿ ಭಾವ, ನಾಲ್ಕ್ ದಿನ ಇದ್ದು ಹೋಗ್ಲಿ" ಎಂದು ಊಟ ಬಿಟ್ಟಳು. "ಸಂಸಾರ ಅಂದ್ಮೇಲೆ ಪಾತ್ರೆ ಪಾತ್ರೆ ತಾಕ್ತವೆ ಕಣಮ್ಮ" ಎಂದು ನಾನು ಸಮಾಧಾನ ಮಾಡಿದೆ.

ಇನ್ನು ನಮ್ಮ ಸೀರೆಯ ವೆಬ್‌ಸೈಟಿನ ವಿಚಾರ. ಅದು ಶುಕ್ರವಾರದಿಂದ ನಿಂತಿತ್ತು. ಅಮೆರಿಕದಲ್ಲಿರುವ ಸರ್ವರನ್ನು ಸರಿಪಡಿಸಲು ನೀನೇ ಬರಬೇಕೆಂದೂ, ಒಂದು ತಿಂಗಳು ಕಳಿಸಿಕೊಡಿರೆಂದು ನಾನು ಅಳಿಯಂದಿರಿಗೆ ಬರೆಯಬೇಕೆಂದೂ ಕೇಳಿದ್ದೀಯ. ಬರೆಯಲು ಪೆನ್ನು ಹಿಡಿದೂ ಇದ್ದೆ. ಅಷ್ಟರಲ್ಲಿ, ನಾನೇ ಒಮ್ಮೆ ನೋಡೋಣವೆನಿಸಿತು. ಏಳನೇ ಕ್ಲಾಸಿಗೇ ಮಗ್ಗಕ್ಕೆ ಕೂತವನಿಗೆ ಕಂಪ್ಯೂಟರ್ ರುಚಿ ಹತ್ತಿಸಿದವಳು ನೀನು. ಉದ್ದುದ್ದ ಇಂಗ್ಲಿಷ್ ಸಾಲು ಹೊಡೆಯಲು ನನ್ನ ಬೆರಳು ತಡವರಿಸುತ್ತವೆಂದು, ಮದುವೆಗೆ ಮುಂಚೆ ಒಂದೊಂದು ಕಮಾಂಡಿಗೂ ಎರಡೆರಡು ಅಕ್ಷರದ ಗುರುತು ಮಾಡಿಕೊಟ್ಟು ಹೋದೆ. ನಿಲ್ಲಿಸಲು ಎರಡಕ್ಷರ, ಹೊರಡಿಸಲು ಎರಡಕ್ಷರ. ಹಿಂದೆ ಹೊಡೆದದ್ದನ್ನು ನೋಡಬೇಕಾದರೆ ಕೀಬೋರ್ಡಿನ ಮೇಲ್ಮುಖದ ಬಾಣ ಒತ್ತಬೇಕು. "ನಿಮ್ಗೆ ಮರೆತ್ರೂ ಅದು ಮರೆಯಲ್ಲ ದೊಡ್ಡಪ್ಪ" ಎಂದು ನೀನು ನಗುತ್ತಿದ್ದೆ.

ಸೋಮವಾರ ಮೋಡೆಮ್ ಕೂಗಿ ಕೂಗಿ ಲೈನು ಸಿಕ್ಕ ಮೇಲೆ ಆ ಬಾಣ ಒತ್ತಿದೆ. ಸರ್ವರ್ ನಿಲ್ಲಿಸುವ ಕಮಾಂಡು ಬಂತು. ನನ್ನ ಎರಡಕ್ಷರವಲ್ಲ, ಉದ್ದದ್ದು. ಸುಟ್ಟ ಕೈಯಲ್ಲೂ ಒಂದಕ್ಷರ ತಪ್ಪಿರಲಿಲ್ಲ ಮಗಳೇ. ಪಾಸ್‌ವರ್ಡ್ ಗೊತ್ತಿರುವುದು ನಮ್ಮಿಬ್ಬರಿಗೆ, ಉದ್ದದ್ದನ್ನು ಹೊಡೆಯುವವಳು ನೀನೊಬ್ಬಳೇ. ನೀನು ಸರ್ವರಿಗೆ ಯಾವಾಗ ಒಳಬಂದದ್ದೆಂದು ನೋಡಿದರೆ ಗುರುವಾರ ರಾತ್ರಿ ಹತ್ತೂ ನಲವತ್ತು ಎಂದಿತ್ತು. ಅಮೆರಿಕದ ಗಡಿಯಾರಕ್ಕೆ ಹನ್ನೆರಡೂವರೆ ಗಂಟೆ ಕೂಡಿಸಿದೆ. ನಮಗೆ ಶುಕ್ರವಾರ ಬೆಳಗ್ಗೆ ಹನ್ನೊಂದೂ ಹತ್ತು. ಕೈಗೆ ಪಟ್ಟಿ ಕಟ್ಟಿಸಲು ಹೊಸಕೋಟೆ ಆಸ್ಪತ್ರೆಗೆ ಹೋಗಿದ್ದೆನೆಂದು ನೀನು ಬರೆದಿರುವ ಶುಕ್ರವಾರ. ಆ ಊರಲ್ಲಿ ಕಂಪ್ಯೂಟರ್ ಸೆಂಟರ್ ಇರುವುದು ನನಗೂ ಗೊತ್ತು.

ಸಿಟ್ಟಿಲ್ಲ. ಇಷ್ಟು ಬುದ್ಧಿ ನಮ್ಮ ಮನೆಯಲ್ಲಿ ಯಾರಿಗಿದೆ ಎಂದು ಹೆಮ್ಮೆಯೇ ಆಯಿತು. ಎರಡಕ್ಷರ ಹೊಡೆದೆ, ಸೈಟು ಎದ್ದಿತು. ನೀನು ಮಾಡಿಕೊಟ್ಟದ್ದು ಅಷ್ಟು ಚೆನ್ನಾಗಿದೆ, ನೀನು ಬರುವ ಅಗತ್ಯವೇ ಇಲ್ಲ. ಪಾಸ್‌ವರ್ಡ್ ಬದಲಾಯಿಸಿದ್ದೇನೆ. ನಿನ್ನ ತಂಗಿ ಗಾನವಿಗೆ ಗಂಡು ನೋಡುತ್ತಿರುವಾಗ ನೀನು ಬಂದು ತವರಲ್ಲಿ ಕೂತರೆ ನಾಲ್ಕು ಜನ ಏನೆಂದಾರು, ನೀನೇ ಯೋಚಿಸು. ನಿನ್ನಮ್ಮನಿಗೆ ಕೈ ವಾಸಿಯಾಯಿತಂತೆ ಎಂದಿದ್ದೇನೆ. ಈಗ ಊಟ ಮಾಡುತ್ತಿದ್ದಾಳೆ.

ಹಿರಿಯರಿಗೆ ನನ್ನ ನಮಸ್ಕಾರ ತಿಳಿಸು. ಮುತ್ತೈದೆಯಾಗಿ ನೂರು ಕಾಲ ಬಾಳು.

ನಿನ್ನ ಹಿತವನ್ನೇ ಬಯಸುವ ದೊಡ್ಡಪ್ಪ,
ಲಕ್ಷ್ಮಣಪ್ಪ

ಒಂದು ಮಾತು ಬಿಟ್ಟೆ, ಅಂಚೆಗೆ ಹೊತ್ತಾಯಿತು. ಗಂಡನಿಗೆ ತಿಳಿಯದಂತೆ ತವರಿಗೆ ಬರೆಯುವುದು ಒಳ್ಳೆಯ ಮನೆಯ ಹೆಣ್ಣಿಗೆ ಒಪ್ಪುವುದಿಲ್ಲ. ಅದಕ್ಕೇ ಈ ಕವರಿನ ಮೇಲೆ ಅಳಿಯ ರಾಜೇಂದ್ರ ಅವರ ಹೆಸರು ಬರೆದಿದ್ದೇನೆ. ನೀನು ಬರೆದ ಕಾಗದವನ್ನೂ ಒಳಗೇ ಇಟ್ಟಿದ್ದೇನೆ. ಅವರು ಎರಡನ್ನೂ ಓದಿ ಕೊಟ್ಟ ಮೇಲೆ ನೀನು ಓದಿಕೋ.