ಗಂಟೆಯಕ್ಕನ ಅಧ್ಯಯನ ರಜೆ

ಮಾನ್ಯ ಕುಲಸಚಿವರೇ,

ಪರೀಕ್ಷೆ ಬರೆಯಲು ರಜೆ ಕೇಳಿದರೆ, ಪರೀಕ್ಷೆ ನಡೆಯದ ದಿನಗಳಲ್ಲಿ ಧಾರಾಳವಾಗಿ ತೆಗೆದುಕೊಳ್ಳಿ ಎನ್ನುವ ವಿಶ್ವವಿದ್ಯಾಲಯ ನಮ್ಮದು. ಇದು ತಮಾಷೆಯಲ್ಲ, ಬೋಧಕೇತರ ಸಿಬ್ಬಂದಿಯ ಅಧ್ಯಯನ ರಜೆಯ ನಿಯಮ. ‘ಪರೀಕ್ಷಾ ಕಾರ್ಯಗಳಿಗೆ ಅಡಚಣೆಯಾಗದಂತೆ’ ಎಂಬುದು ಅದರ ಕೊನೆಯ ಸಾಲು. ನಾವು ದುಡಿಯುವುದೂ ಇಲ್ಲೇ, ಓದುವುದೂ ಇಲ್ಲೇ. ನಮ್ಮ ಪರೀಕ್ಷೆಯ ದಿನವೇ ಇಲ್ಲಿ ಎಲ್ಲರ ಪರೀಕ್ಷೆಯ ದಿನ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂದು ಹಿರಿಯರು ವಿಧಿಯನ್ನು ದೂರಿದರು. ವಿಧಿಗೆ ಒಂದು ಕಚೇರಿ, ಒಂದು ಮೊಹರು ಇರಬಹುದೆಂದು ಅವರಿಗೆ ಹೊಳೆದಿರಲಾರದು.

ನಾನು ಗ್ರಂಥಾಲಯದ ಬೈಂಡಿಂಗ್ ಕೋಣೆಯವನು. ಬಿಚ್ಚಿಹೋದ ಪುಸ್ತಕಗಳನ್ನು ಹೊಲಿದು ರಟ್ಟು ಕಟ್ಟುತ್ತೇನೆ. ರೋಷ ನನ್ನ ಸ್ವಭಾವವಲ್ಲ. ಅಂಟು ಒಣಗುವ ತನಕ ಕಾಯುವುದು ರೂಢಿಯಾದವನಿಗೆ ಸಿಟ್ಟು ಬರುವಷ್ಟರಲ್ಲಿ ಸಂಜೆಯಾಗಿರುತ್ತದೆ. ಆದರೆ ನನ್ನ ಕೋಣೆಯ ಕಿಟಕಿ ಪರೀಕ್ಷಾ ಭವನದ ಮೊಗಸಾಲೆಗೆ ತೆರೆದುಕೊಂಡಿದೆ. ಅಲ್ಲಿನ ಕಂಬದಲ್ಲಿ ಒಂದು ಹಿತ್ತಾಳೆ ಗಂಟೆ ತೂಗುತ್ತಿದೆ. ವಿದ್ಯುತ್ ಗಂಟೆ ಕೆಟ್ಟಾಗ ತಾತ್ಕಾಲಿಕವಾಗಿ ತಂದು ಕಟ್ಟಿದ್ದು. ಅದನ್ನು ಹೊಡೆಯಲು ಆಗ ತಾತ್ಕಾಲಿಕವಾಗಿ ನಿಯೋಜಿತರಾದ ಅಟೆಂಡರ್ ಹೆಂಗಸಿನ ಕೂದಲು ಈಗ ನರೆತಿದೆ. ಅವರನ್ನು ನಾವೆಲ್ಲ ಗಂಟೆಯಕ್ಕ ಎಂದು ಕರೆಯುತ್ತೇವೆ.

ಗಂಟೆಯಕ್ಕ ಪದವಿಗೆ ಹೆಸರು ನೋಂದಾಯಿಸಿದ ದಿನ ಅವರ ಅತ್ತೆ ಕೇಳಿದರಂತೆ, “ಈ ವಯಸ್ಸಲ್ಲಿ ಓದಿ ಯಾವ ಗುಡ್ಡ ಕಡಿದು ಹಾಕ್ತೀಯೇ?”

“ಗುಡ್ಡ ಅಲ್ಲೇ ಇರ್ಲಿ ಅತ್ತೆ. ಇಷ್ಟು ವರ್ಷ ಗಂಟೆ ಹೊಡೆದು ಎಲ್ಲರನ್ನೂ ಒಳಗೆ ಕಳಿಸ್ದೆ. ಒಳಗೆ ಅಂಥದ್ದೇನಿದೆ ಅಂತ ಒಂದ್ಸಲ ನೋಡ್ಕೊಂಡು ಬರ್ತೀನಿ.”

ಅದೇ ಅತ್ತೆ ಈಗ ಬೆಳಿಗ್ಗೆ ತಾವೇ ಒಲೆ ಹಚ್ಚಿ, “ನಿನ್ನ ಕೈಯಡುಗೆ ತಿಂದು ಸಾಕಾಗಿದೆ, ಹೋಗಿ ಓದ್ಕೋ” ಎಂದು ಸೊಸೆಯನ್ನು ಗದರುತ್ತಾರೆ. ಪತ್ರಿಕೆಗಳು ಒಂದೊಂದಾಗಿ ಮುಗಿದವು. ಆಗ ಗಂಟೆಗೆ ಇನ್ನೊಬ್ಬ ಅಟೆಂಡರ್ ಇದ್ದರು. ಅವರು ನಿವೃತ್ತರಾದರು, ಜಾಗ ಖಾಲಿ ಉಳಿಯಿತು, ಜೊತೆಗೆ ಅಕ್ಕನ ಇತಿಹಾಸದ ಒಂದು ಪತ್ರಿಕೆಯೂ ಉಳಿಯಿತು.

ಕಳೆದ ಸಲ ಅದನ್ನು ಬರೆಯಲು ಅವರು ರಜೆ ಕೇಳಿದರು. ಕೊನೆಯ ಸಾಲನ್ನು ತೋರಿಸಿ ತಮ್ಮ ಕಚೇರಿ ಇಲ್ಲವೆಂದಿತು. ಪರೀಕ್ಷಾ ವಿಭಾಗದ ಅಧೀಕ್ಷಕರು ಕೆಟ್ಟವರಲ್ಲ. “ರಜೆ ಗಿಜೆ ಆಗಲ್ಲಮ್ಮ, ಹೊಂದಾಣಿಕೆ ಮಾಡ್ಕೊಳ್ಳೋಣ. ಶುರುವಿನ ಗಂಟೆ ನೀನೇ ಹೊಡಿ, ಓಡಿ ಹೋಗಿ ಕೂತು ಬರಿ. ಮಿಕ್ಕಿದ್ದನ್ನ ತೋಟದವನು ನೋಡ್ಕೋತಾನೆ” ಎಂದರು.

ಹಾಗೆಯೇ ಆಯಿತು. ಅಕ್ಕ ಗಂಟೆ ಹೊಡೆದರು, ಸೆರಗಿಗೆ ಕೈ ಒರೆಸಿಕೊಂಡು ಓಡಿದರು, ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತು ಬರೆಯತೊಡಗಿದರು. ಅರ್ಧ ಗಂಟೆ ಕಳೆಯಿತೆಂದು ಸಾರುವ ಗಂಟೆ ಹೊಡೆಯಲು ತೋಟದವನು ಬಂದು ಹಗ್ಗ ಹಿಡಿದು ನಿಂತ. ಅಷ್ಟರಲ್ಲಿ ಒಳಗಿನಿಂದ ಗಂಟೆಯಕ್ಕ ಪೆನ್ನು ಹಿಡಿದುಕೊಂಡೇ ನಡೆದು ಬಂದರು. ಮುಖದಲ್ಲಿ ಆತುರವಿರಲಿಲ್ಲ, ಯೋಚನೆಯೂ ಇರಲಿಲ್ಲ.

“ಅಯ್ಯೋ ಅಕ್ಕಾ, ನಾನಿದೀನಲ್ಲ! ನೀವ್ಯಾಕೆ ಎದ್ದು ಬಂದ್ರಿ?”

ಅವರು ತಮ್ಮ ಕೈಯಲ್ಲಿದ್ದ ಪೆನ್ನನ್ನು ನೋಡಿದರು. ತಿರುಗಿ ಓಡುವಷ್ಟರಲ್ಲಿ ಮೇಲ್ವಿಚಾರಕರು ಬಾಗಿಲಿಗೆ ಬಂದಿದ್ದರು. “ಹೊರಗೆ ಹೋದವರನ್ನ ಮತ್ತೆ ಬಿಡೋ ಹಾಗಿಲ್ಲಮ್ಮ. ನಿಮಗೆ ಗೊತ್ತಿಲ್ಲದ್ದೇ?”

ಗೊತ್ತಿತ್ತು. ಆ ನಿಯಮವನ್ನು ಅದೇ ಬಾಗಿಲಲ್ಲಿ ನಿಂತು ಎಷ್ಟೋ ಮಕ್ಕಳಿಗೆ ಹೇಳಿದವರು ಅವರೇ. ಅಕ್ಕ ವಾದಿಸಲಿಲ್ಲ. “ನಿನ್ನ ಗಿಡ ಒಣಗ್ತಿರುತ್ತೆ, ಹೋಗಪ್ಪ” ಎಂದು ತೋಟದವನನ್ನು ಕಳಿಸಿ, ಉಳಿದ ಗಂಟೆಗಳನ್ನು ತಾವೇ ಹೊಡೆದರು. ಕೊನೆಯದನ್ನೂ.

ಆ ಪತ್ರಿಕೆಯನ್ನು ಮತ್ತೆ ಬರೆಯಲು ಬಿಡಿ ಎಂಬ ಅವರ ಮನವಿಗೆ ತಾವು ಕೊಟ್ಟ ಉತ್ತರ: ‘ಅಭ್ಯರ್ಥಿಯು ಸ್ವಇಚ್ಛೆಯಿಂದ ಹೊರನಡೆದಿದ್ದಾರೆ.’ ಈ ವಾಕ್ಯದ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ರಜಾದಿನ ಮನೆಯಲ್ಲಿ ದಿನಪತ್ರಿಕೆ ಓದಿ ಮುಗಿಸಿದರೆ ನನ್ನ ಕೈಗಳು ಅದರ ಅಂಚುಗಳನ್ನು ಮೇಜಿಗೆ ಕುಟ್ಟಿ ಸಮ ಮಾಡುತ್ತವೆ. “ಅದಕ್ಕೂ ರಟ್ಟು ಹಾಕ್ಬಿಡಿ, ಮೊಮ್ಮಕ್ಕಳು ಓದ್ಲಿ” ಎನ್ನುತ್ತಾಳೆ ಹೆಂಡತಿ. ಅಂಚು ಕುಟ್ಟಿದ್ದು ನನ್ನ ಇಚ್ಛೆಯೇ? ಗಡಿಯಾರದ ಮುಳ್ಳು ಒಂದು ಜಾಗಕ್ಕೆ ಬಂದೊಡನೆ ಮೇಲೇಳುವಂತೆ ಒಬ್ಬರ ಕಾಲುಗಳನ್ನು ವರ್ಷಗಟ್ಟಲೆ ಪಳಗಿಸಿದ ಮೇಲೆ, ಆ ಕಾಲುಗಳು ಎದ್ದುದಕ್ಕೆ ಅವರನ್ನೇ ಹೊಣೆ ಮಾಡುವುದು ಯಾವ ಶಾಸ್ತ್ರ? ಅವತ್ತು ಎದ್ದು ಹೋದದ್ದು ಅಭ್ಯರ್ಥಿಯಲ್ಲ, ತಮ್ಮ ಸಿಬ್ಬಂದಿ. ಬೆಳಿಗ್ಗೆ ಆ ಸಿಬ್ಬಂದಿಯನ್ನು ಹಗ್ಗಕ್ಕೆ ಕಟ್ಟದೆ ಮನೆಗೆ ಬಿಟ್ಟಿದ್ದರೆ, ಅಭ್ಯರ್ಥಿ ಕೂತೇ ಇರುತ್ತಿದ್ದರೇನೋ.

ಬೋಧಕರ ಅಧ್ಯಯನ ರಜೆಯ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಅವರು ವರ್ಷಗಟ್ಟಲೆ ಹೋಗಿ ಬರೆದು ತರುವ ಪ್ರಬಂಧಗಳಿಗೆ ರಟ್ಟು ಕಟ್ಟುವವನು ನಾನೇ. ಕೆಲವು ನಿಜಕ್ಕೂ ದಪ್ಪವಾಗಿರುತ್ತವೆ. ಅವರು ಹೋದಾಗ ಪಾಠ ನಿಲ್ಲುವುದಿಲ್ಲ, ಅತಿಥಿ ಉಪನ್ಯಾಸಕರು ಸಿಗುತ್ತಾರೆ. ಒಂದು ಬೆಳಿಗ್ಗೆ ಹಗ್ಗ ಎಳೆಯಲು ಮಾತ್ರ ಇಡೀ ಆವರಣದಲ್ಲಿ ಇನ್ನೊಂದು ಕೈ ಸಿಗುವುದಿಲ್ಲ. ನಾವು ಇಷ್ಟೊಂದು ಅನಿವಾರ್ಯರೆಂಬುದು ರಜೆ ಕೇಳಿದ ದಿನವಷ್ಟೇ ನಮಗೆ ತಿಳಿದುಬರುತ್ತದೆ.

ಮುಂದಿನ ತಿಂಗಳ ಪರೀಕ್ಷೆ ಗಂಟೆಯಕ್ಕನಿಗೆ ಕೊನೆಯ ಅವಕಾಶ. ಅದೂ ತಪ್ಪಿದರೆ ಅವರ ನೋಂದಣಿ ರದ್ದಾಗುತ್ತದೆ, ಮುಗಿಸಿದ ಪತ್ರಿಕೆಗಳೂ ನೀರಲ್ಲಿ ಹೋಮ. ಆದ್ದರಿಂದ ಕೇಳುತ್ತಿದ್ದೇನೆ: ನಿಯಮದ ಆ ಕೊನೆಯ ಸಾಲನ್ನು ಹೊಡೆದುಹಾಕಿ. ಅದಕ್ಕೆ ಸಭೆ, ಸಮಿತಿ ಎಲ್ಲ ಬೇಕೆಂದಾದರೆ, ಮೊದಲು ಅಕ್ಕನಿಗೆ ರಜೆ ಕೊಡಿ. ಹೊಂದಾಣಿಕೆ ಬೇಡ, ರಜೆ. ಪರೀಕ್ಷೆಯ ಹಿಂದಿನ ವಾರ ಓದಲು, ಆ ದಿನ ಎಲ್ಲ ಮಕ್ಕಳ ಹಾಗೆ ಗೇಟಿನಿಂದ ನಡೆದು ಬಂದು, ಬೇರೆಯವರು ಹೊಡೆದ ಗಂಟೆಗೆ ಒಳಗೆ ಹೋಗಲು.

ಅವರಂತೂ ತಯಾರಿ ನಡೆಸಿದ್ದಾರೆ. ಊಟದ ಬಿಡುವಿನಲ್ಲಿ ನನ್ನ ಕೋಣೆಗೆ ಬಂದು, ಹಳೆಯ ಪ್ರಶ್ನೆಪತ್ರಿಕೆ ಮುಂದಿಟ್ಟುಕೊಂಡು ಬರೆಯುತ್ತಾರೆ. ಬಿಡುವು ಮುಗಿದ ಗಂಟೆಯನ್ನು ತೋಟದವನು ಹೊಡೆಯುತ್ತಾನೆ. ಅದು ಕೇಳಿದರೂ ಕೂತೇ ಇರುವುದು, ಇದು ಅವರು ಕಲಿಯುತ್ತಿರುವ ಪಾಠ. ಮೊದಮೊದಲು ಬಾಗಿಲವರೆಗೂ ಹೋಗಿಬಿಡುತ್ತಿದ್ದರು. ನಿನ್ನೆ ಏಳಲಿಲ್ಲ. ಮೇಜಿನ ಅಂಚನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದಿದ್ದರು, ಬಲಗೈ ಬರೆಯುತ್ತಲೇ ಇತ್ತು.

ಇಂತಿ,
ತಮ್ಮ ಆದೇಶಗಳನ್ನೂ ವರ್ಷಕ್ಕೊಮ್ಮೆ ಹೊಲಿದು ರಟ್ಟು ಕಟ್ಟಿಡುವ,
ಗ್ರಂಥಾಲಯದ ಬೈಂಡರ್