ಉಪ್ಪಿನ ಜಾಡಿಯಲ್ಲಿ ಸಿಹಿ

ಕಿಶೂ
ಜುಲೈ ೨೦

ಪ್ರೀತಿಯ ನ್ಯುಂಗ್ ಅಕ್ಕಾ,

ಮುನಿಸಿಕೊಳ್ಳಬೇಡ. ಪ್ಲಮ್ ಕೊಯ್ಲು ಶುರುವಾದ ಮೇಲೆ ನಿನಗೊಂದು ಮಾತೂ ಕಳಿಸಿಲ್ಲ. ಬೆರಳೆಲ್ಲ ಉಪ್ಪಿಗೆ ಬಿರಿದಿವೆ, ಟೈಪ್ ಮಾಡಲಾಗುವುದಿಲ್ಲ. ಎಲ್ಲರೂ ಮಲಗಿದ ಮೇಲೆ ಉಗ್ರಾಣದಲ್ಲಿ ಕೂತು ಫೋನಿಗೆ ಪಿಸುಗುಡುತ್ತಿದ್ದೇನೆ. ಪಕ್ಕದಲ್ಲಿ ಯಾರೂ ಇಲ್ಲದಾಗ ಕೇಳು.

ನಮ್ಮ ತವರಿನ ಗುಡ್ಡದಲ್ಲಿ ಪ್ಲಮ್ ಹಣ್ಣು ಮುಗಿಯಿತೇ? ಖಾರದ ಉಪ್ಪಿಗೆ ಅದ್ದಿ ನನ್ನ ಹೆಸರಲ್ಲೂ ಒಂದು ತಿನ್ನು. ಇಲ್ಲಿಯ ಪ್ಲಮ್ಮನ್ನು ಹಾಗೆ ಕಿತ್ತು ಕಚ್ಚುವವರಿಲ್ಲ. ಶಿರಕಾಗ ತಳಿಯ ಹಸಿರು ಕಾಯಿ ಕಲ್ಲುಸಕ್ಕರೆಯ ಜೊತೆ ಮದ್ಯಕ್ಕೆ. ತೆಳು ಸಿಪ್ಪೆಯ ನಾಂಕೊ ತಳಿ, ಹಣ್ಣಾಗಿ ತಾನೇ ಮರದಡಿಯ ಬಲೆಗೆ ಉದುರಿದ ಮೇಲೆ, ಉಪ್ಪಿಗೆ. ಅತ್ತೆ ಫುಮಿಯೆ ಕಣ್ಣು ಮುಚ್ಚಿಕೊಂಡೇ ಎರಡನ್ನೂ ಬೇರ್ಪಡಿಸುತ್ತಿದ್ದರು. ಕೂಲಿಗೆ ಬಂದ ನನ್ನನ್ನು ಮಗನಿಗೆ ತಂದುಕೊಂಡವರೂ ಅವರೇ. ನನ್ನ ಮಗ ರಿಕುವಿಗೆ ಮೂರು ವರ್ಷ ತುಂಬಿತು, ಮನೆಯಲ್ಲಿ ಒಂದು ಕಡೆ ನಿಲ್ಲುವುದಿಲ್ಲ.

ಮೊನ್ನೆ ಉಪ್ಪು ಹಾಕಿಟ್ಟ ಹಣ್ಣನ್ನು ಅಂಗಳದಲ್ಲಿ ಒಣಹಾಕಲೆಂದು ದೊಡ್ಡ ಜಾಡಿಯ ಮುಚ್ಚಳ ತೆಗೆದೆ. ಮೇಲೆಲ್ಲ ಬೂಷ್ಟು, ಬೆಕ್ಕಿನ ಮರಿಯ ಮೈಯಂತೆ. ಅಕ್ಕಾ, ಇಲ್ಲಿ ಜಾಡಿ ಕೆಟ್ಟಿತೆಂದರೆ ಮನೆಗೆ ಕೇಡು ಬಂತೆಂದೇ ಅರ್ಥ. ಗಂಡನ ಚಿಕ್ಕಮ್ಮ ತೊಷಿಯೆ ಅಲ್ಲೇ ಇದ್ದರು.

"ಬಡ್ಕೊಂಡೆ ಕತ್ಸುಯಾ, ಹೊರಗಿನ ಹುಡುಗಿ ಕೈ ಜಾಡಿಗೆ ಹಾಕಿಸ್ಬೇಡ ಅಂತ. ನಿಮ್ಮಪ್ಪ ಸಮುದ್ರಕ್ಕೆ ಹೋಗಿ ವಾಪಸ್ ಬರ್ದೇ ಇದ್ದ ವರ್ಷಾನೂ ಹಿಂಗೇ ಆಗಿತ್ತು."

"ಮಳೆ ಜಾಸ್ತಿ ಇತ್ತಲ್ಲ ಚಿಕ್ಕಮ್ಮ, ಬಿಡು," ಎಂದ ನನ್ನ ಗಂಡ. ಆದರೆ ಅವನೂ ಜಾಡಿಯ ಹತ್ತಿರ ಬರಲಿಲ್ಲ.

"ಮಳೆ ನಿಮ್ಮನೆ ಮೇಲೆ ಮಾತ್ರ ಬಂತೇನೋ? ನನ್ನ ಜಾಡಿ ನೋಡು ಬಾ!"

ಅವರಿಬ್ಬರೂ ಹೊರಗೆ ಹೋದ ಮೇಲೆ ರಸಕ್ಕೆ ಬೆರಳದ್ದಿ ನೆಕ್ಕಿದೆ. ಸಿಹಿ. ತಳದಲ್ಲಿ ಕರಗದ ಕಲ್ಲುಸಕ್ಕರೆ. ಆ ಜಾಡಿ ತುಂಬಿದ್ದು ನಾನಲ್ಲ, ಅತ್ತೆ. ಕಣಿವೆಯ ಸೊಸೆಯರಿಗೆಲ್ಲ ಉಪ್ಪು ಹಾಕಲು ಕಲಿಸಿದವರು ಮದ್ಯದ ಸಕ್ಕರೆಯನ್ನು ಇದಕ್ಕೆ ಸುರಿದಿದ್ದರು.

ತಿರುಗಿದರೆ ಬಾಗಿಲಲ್ಲಿ ಅವರೇ.

"ಥೋವಾ, ಸಿಹಿ ಇದ್ಯಾ ಅದು?"

"ಇಲ್ಲಮ್ಮ, ಉಪ್ಪೇ ಸ್ವಲ್ಪ ಕಮ್ಮಿ."

"ಸುಳ್ಳು ಹೇಳೋಕೂ ಬರಲ್ಲ ನಿಂಗೆ." ನನ್ನ ತೋಳು ಹಿಡಿದುಕೊಂಡರು. ಕೈ ತಣ್ಣಗಿತ್ತು. "ಕತ್ಸುಯಾಗೆ ಹೇಳ್ಬೇಡ ಕಣೆ. ಬೆಟ್ಟದಾಚೆ ಮುದುಕರ ಮನೇಲಿ ಬಿಟ್ಟು ಬರ್ತಾನೆ. ತೊಷಿಯೆ ನನ್ನ ಬಟ್ಟೆ ಗಂಟೂ ಕಟ್ಕೊಡ್ತಾಳೆ."

ಹೇಳುವುದಿಲ್ಲವೆಂದು ಮಾತು ಕೊಟ್ಟೆ. ಜಾಡಿ ಬರಿದು ಮಾಡಿ ತೊಳೆದೆ. ಊಟಕ್ಕೆ ಕೂತಾಗ ಎಲ್ಲರೆದುರು, ಉಪ್ಪು ಅಳೆದದ್ದು ನಾನೇ, ತಪ್ಪಾಯಿತು ಎಂದೆ. ಅತ್ತೆ ತಲೆ ತಗ್ಗಿಸಿ ಸಾರು ಕುಡಿದರು.

"ಹಂಗಾದ್ರೆ ಉಳಿದ ಜಾಡಿ ಹಣ್ಣು ಒಣಗೋವರ್ಗೂ ಇವಳು ಅಂಗಳಕ್ಕೆ ಕಾಲಿಡೋದು ಬೇಡ. ಪ್ಯಾಕಿಂಗ್ ಶೆಡ್ಡಿಗೆ ಹೋಗ್ಲಿ," ಎಂದರು ತೊಷಿಯೆ.

ಗಂಡ ಒಪ್ಪಿದ. "ರಿಕು ಅಮ್ಮನ ಹತ್ರ ಇರ್ತಾನೆ. ನನ್ನನ್ನೇ ಸಾಕಿದ್ದಾಳೆ, ಅವನೇನು ಮಹಾ!"

ಬಾಯಿ ತೆರೆದೆ ಅಕ್ಕಾ. ಅತ್ತೆ ನನ್ನನ್ನೇ ನೋಡುತ್ತಿದ್ದರು. ಮುಚ್ಚಿದೆ.

ನಾಳೆ ಬೆಳಿಗ್ಗೆಯಿಂದ ಶೆಡ್ಡು. ನಿನ್ನ ಕಾಲಿನ ಊತ ಇಳಿಯಿತೇ? ಔಷಧಿ ಬಿಡಬೇಡ. ನಿನ್ನ ಹುಡುಗಿಯರಿಗೆ ನನ್ನ ಮುತ್ತು. ನಮ್ಮ ಹಿರಿಯರು ಅವರ ಹಿಂದೆ ಮುಂದೆ ಇದ್ದು ಕಾಯಲಿ.

ನಿನ್ನ ತಂಗಿ,
ಥೋವಾ

ಮತ್ತೆ: ಇದನ್ನು ಹೇಳದೆ ಫೋನ್ ಇಡಲಾಗುತ್ತಿಲ್ಲ. ಇವತ್ತು ಸಂಜೆ ಅತ್ತೆ ರಿಕುವಿಗೆ ಸ್ನಾನ ಮಾಡಿಸುತ್ತಿದ್ದರು. ಅವನ ನಗು ಕೇಳಿಸುತ್ತಿತ್ತು. ಆಮೇಲೆ ನಿಂತಿತು. ಓಡಿದೆ. ತೊಟ್ಟಿಯಲ್ಲಿ ಮಗು ಒಬ್ಬನೇ, ಗಲ್ಲದವರೆಗೆ ನೀರು, ತುದಿಗಾಲಲ್ಲಿ ನಿಂತಿದ್ದ. ಅತ್ತೆ ಜಗಲಿಯಲ್ಲಿ ಟವೆಲ್ ಮಡಿಸುತ್ತ ಕೂತಿದ್ದರು. ನನ್ನನ್ನು ನೋಡಿ ಮೆಲ್ಲಗೆ, ಗುರುತಿಲ್ಲದವರಿಗೆ ಹೇಳುವಂತೆ ಹೇಳಿದರು: "ಒಳಗೆ ಯಾರದೋ ಮಗು ಇದೆಯಮ್ಮ. ಅವರಮ್ಮನಿಗೆ ಹೇಳಿ, ಬಂದು ಕರ್ಕೊಂಡ್ಹೋಗ್ಲಿ."

ಕತ್ಸುಯಾನನ್ನು ಎಬ್ಬಿಸಲು ಹೋಗುತ್ತಿದ್ದೇನೆ ಅಕ್ಕಾ.