ಹೊಳೆಯದ ಜಾತಿ

ಅಕ್ಕಾ,

ಇಲ್ಲಿ ಲ್ಯಾಬಿನಲ್ಲಿ ಸಕ್ಕರೆಗೆ ಹೊಳೆಯುವ ಬಣ್ಣ ಅಂಟಿಸಿ ಬ್ಯಾಕ್ಟೀರಿಯಾಗಳಿಗೆ ಉಣಿಸುತ್ತೇವೆ. ಎಷ್ಟು ಹೊಳೆದರೆ ಅಷ್ಟು ತಿಂದಿವೆ ಅಂತ ಲೆಕ್ಕ. ಕತ್ತಲಲ್ಲಿ ಹಸಿರು ಸಾಸಿವೆ ಚೆಲ್ಲಿದ ಹಾಗೆ ಕಾಣುತ್ತವೆ. ನನ್ನ ಪಾಲಿಗೆ ಬಂದ ಒಂದು ಜಾತಿ ಮಾತ್ರ ಹೊಳೆಯಲೇ ಇಲ್ಲ.

"ಇವು ಸಕ್ಕರೆನ ಒಳಗೆ ಬಿಟ್ಟುಕೊಳ್ತಿಲ್ಲ ಸರ್" ಅಂದೆ.

"ನಿನ್ನ ಕೈಗುಣವೇ ಸರಿಯಿಲ್ಲ" ಅಂತ ಪ್ರೊಫೆಸರು ಎಲ್ಲರೆದುರು ಬೈದು, ಕೆಲಸವನ್ನು ತಮ್ಮ ಅಳಿಯನಿಗೆ ಕೊಟ್ಟರು. ಅವನ ಕೈಯಲ್ಲೂ ಅವು ಹೊಳೆಯಲಿಲ್ಲ. ಈಗ ಅದು ಸಕ್ಕರೆಯನ್ನೇ ಒಲ್ಲದ ಜಾತಿ, ದೊಡ್ಡ ಶೋಧವಂತೆ! ಹೆಸರು ಮಾವ ಅಳಿಯಂದಿರದು. ನಿನ್ನೆ ಕೇಕ್ ಕತ್ತರಿಸಿದರು, ತಟ್ಟೆ ತೊಳೆದವಳು ನಾನು.

ನನ್ನ ಕೆಮ್ಮು ವಾಸಿಯಾಗಿದೆ. ಈ ಕಾರ್ಡನ್ನು ಅಂಚೆಯವರು ಓದಿದರೆ ಓದಲಿ. ಅಮ್ಮ ಕೇಳಿದರೆ, ಅದನ್ನು ಮೊದಲು ಕಂಡವಳು ನಿನ್ನ ಕಿರಿಮಗಳೇ ಅನ್ನು. ಸುಳ್ಳೇನಲ್ಲವಲ್ಲ.

ಅವಸರದಲ್ಲಿ,
ತಂಗಿ